ಗೋಡೆಯ ಕ್ಯಾಲೆಂಡರ್ ಇಳಿಸಬೇಡಿ

ಕಳೆದ ಡಿಸೆಂಬರಿನ ಕೊನೆಯ ವಾರ ಅಪ್ಪ ಎಂದಿನಂತೆ ಪೇಟೆಯ ಬ್ಯಾಂಕಿಗೆ ಹೋಗಿದ್ದರು. ಸಾಲದ ಬಡ್ಡಿ ಕಟ್ಟುವುದು ನೆಪ, ಕ್ಯಾಲೆಂಡರ್ ತರುವುದು ನಿಜವಾದ ಕೆಲಸ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಗೆ ಹೊಸ ವರ್ಷ ಬರುವುದು ಹಾಗೆಯೇ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು, ಅಪ್ಪನ ಕಂಕುಳಲ್ಲಿ. ಈ ಸಲ ಕೌಂಟರಿನ ಹುಡುಗ ಕ್ಯಾಲೆಂಡರ್ ಬದಲು ಅಂಗೈಯಗಲದ ಒಂದು ಚೀಟಿ ಕೊಟ್ಟನಂತೆ. ಅದರ ತುಂಬ ಕ್ಯೂಆರ್ ಕೋಡ್. ‘ಸ್ಕ್ಯಾನ್ ಮಾಡ್ಸಿ ಯಜಮಾನ್ರೇ, ಕ್ಯಾಲೆಂಡರ್ ಮೊಬೈಲಿಗೇ ಬರುತ್ತೆ. ಈ ವರ್ಷದಿಂದ ಪ್ರಿಂಟ್ ಇಲ್ಲ, ಪೇಪರ್ ಉಳಿಸ್ಬೇಕಲ್ಲ’ ಅಂದನಂತೆ. ಪೇಪರ್ ಉಳಿಸುವ ಆ ಕೌಂಟರಿನಲ್ಲೇ ಅಪ್ಪ ಅದೇ ದಿನ ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಕೊಟ್ಟು ಬಂದಿದ್ದರು.

ಅವ್ವ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: ‘ಇದ್ನ ಎಲ್ಲಿ ನೇತಾಕ್ಲಿ?’

ನಾವೆಲ್ಲ ನಕ್ಕೆವು. ಆದರೆ ಆ ಪ್ರಶ್ನೆ ನನ್ನ ಜೊತೆ ಹಾಸ್ಟೆಲಿನವರೆಗೂ ಬಂತು. ರಾತ್ರಿ ಊಟದ ಟೇಬಲ್ಲಿನಲ್ಲಿ ಅದನ್ನು ಹೇಳಿದಾಗ ಗೆಳತಿಯರೂ ನಕ್ಕರು. ‘ಪಾಪ ಆಂಟಿ’ ಅಂದರು. ‘ಅಂಗಡಿಯಲ್ಲಿ ಒಂದು ಕೊಂಡುಕೊಟ್ಟುಬಿಡು, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಇನ್ನೈದು ವರ್ಷಕ್ಕೆ ಅವರೂ ಮೊಬೈಲ್‌ಗೆ ಹೊಂದ್ಕೋತಾರೆ’ ಅಂದಳು ಒಬ್ಬಳು. ನನಗೆ ಸಿಟ್ಟು ಬಂದದ್ದು ಈ ‘ಪಾಪ’ ಎಂಬ ಮಾತಿಗೆ. ಕಾಗದದ ಕ್ಯಾಲೆಂಡರ್ ಬೇಕು ಎನ್ನುವವರೆಲ್ಲ ಹಿಂದುಳಿದವರು, ಇಲ್ಲವೇ ಹಳೆಯದನ್ನು ನೆನೆದು ಕಣ್ಣೀರಿಡುವವರು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ನಾನು ಇವೆರಡೂ ಅಲ್ಲ. ನನ್ನ ವಯಸ್ಸು ಮೂವತ್ತರ ಒಳಗಿದೆ. ಪಿಎಚ್.ಡಿ. ಮಾಡುತ್ತಿದ್ದೇನೆ. ಗೈಡ್ ಭೇಟಿಯಿಂದ ಹಿಡಿದು ಫೆಲೋಶಿಪ್ ಅರ್ಜಿಯ ಕೊನೆ ದಿನಾಂಕದವರೆಗೆ ಎಲ್ಲವನ್ನೂ ಮೊಬೈಲಿನ ಕ್ಯಾಲೆಂಡರಿನಲ್ಲೇ ಇಟ್ಟಿದ್ದೇನೆ. ಅದು ಟಿಂಗ್ ಎನ್ನದಿದ್ದರೆ ನನ್ನ ಅರ್ಧ ಕೆಲಸ ಆಗುವುದಿಲ್ಲ. ಅಷ್ಟಾಗಿಯೂ ಹೇಳುತ್ತೇನೆ, ಅವ್ವ ಕೇಳಿದ್ದು ಪೆದ್ದು ಪ್ರಶ್ನೆಯಲ್ಲ. ಆ ಚೀಟಿ ಕೊಟ್ಟವರು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಅವ್ವ ನೇತುಹಾಕುವ ಕ್ಯಾಲೆಂಡರಿನಲ್ಲಿ ಏನಿರುತ್ತದೆ ಎಂದು ಮೊದಲು ಹೇಳುತ್ತೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಒಂದಿಷ್ಟು ತೆಂಗು, ಮಳೆ ನಂಬಿದ ರಾಗಿ ಹೊಲ, ಎರಡು ಸೀಮೆಹಸು. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಅವ್ವ ಪ್ರತಿ ತಾರೀಖಿನ ಮನೆಯೊಳಗೆ ಬರೆಯುತ್ತಾಳೆ. ಬೆಳಗಿನದು ಮೇಲೆ, ಸಂಜೆಯದು ಕೆಳಗೆ. ಬಟವಾಡೆ ಬಂದ ದಿನ ಒಂದು ಗೆರೆ. ಸಿಲಿಂಡರ್ ಹಚ್ಚಿದ ದಿನ ‘ಗ್ಯಾಸ್’. ಸಂಘದ ಕಂತು ಕಟ್ಟಿದ್ದಕ್ಕೆ ‘ಸಂ’. ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನ ‘ಇಂ’. ನಮ್ಮ ಮನೆಗೆ ಬರುತ್ತಿದ್ದ ಕ್ಯಾಲೆಂಡರಿನಲ್ಲಿ ವಾರದ ಹೆಸರುಗಳು ಎಡಗಡೆ ಮೇಲಿಂದ ಕೆಳಕ್ಕಿರುತ್ತವೆ. ತಾರೀಖುಗಳೂ ಹಾಗೆಯೇ ಕೆಳಕ್ಕಿಳಿದು, ಪಕ್ಕದ ಸಾಲಿಗೆ ಹೋಗುತ್ತವೆ. ‘ಇಂ’ ಬರೆದ ಮನೆಯಿಂದ ನೇರ ಪಕ್ಕಕ್ಕೆ ಮೂರು ಮನೆ ದಾಟಿದರೆ 21 ದಿನ. ಅಷ್ಟರಲ್ಲಿ ಹಸು ಮತ್ತೆ ಬೆದೆಗೆ ಬಂದರೆ ಇಂಜೆಕ್ಷನ್ ನಿಂತಿಲ್ಲ ಎಂದು ಅರ್ಥ. ಅವ್ವ ಇಪ್ಪತ್ತೊಂದು ಎಣಿಸುವುದೇ ಇಲ್ಲ. ಬೆರಳನ್ನು ಮೂರು ಮನೆ ಜರುಗಿಸುತ್ತಾಳೆ, ಅಲ್ಲೊಂದು ಚುಕ್ಕೆ ಇಡುತ್ತಾಳೆ. ಗಬ್ಬ ನಿಂತರೆ ಒಂಬತ್ತು ಹಾಳೆ ಮಗುಚಿ, ಹತ್ತು ದಿನ ಸೇರಿಸಿ, ಕರು ಹಾಕುವ ದಿನದ ಅಂದಾಜು ಗುರುತು ಮಾಡುತ್ತಾಳೆ. ಅದು ಮುಂದಿನ ವರ್ಷಕ್ಕೆ ಹೋದರೆ ಡಿಸೆಂಬರಿನ ಕೆಳಗೆ ಬರೆದಿಟ್ಟು, ಹೊಸ ಕ್ಯಾಲೆಂಡರ್ ಬಂದ ದಿನವೇ ಅದಕ್ಕೆ ಸಾಗಿಸುತ್ತಾಳೆ.

ಇದನ್ನು ಆ್ಯಪ್ ಮಾಡುವುದಿಲ್ಲವೇ? ಮಾಡುತ್ತದೆ. ಹಾಲಿಗೊಂದು, ಹಸುವಿಗೊಂದು, ಗ್ಯಾಸಿಗೊಂದು, ಸಂಘಕ್ಕೊಂದು ಆ್ಯಪ್ ಸಿಗುತ್ತದೆ. ಪ್ರತಿಯೊಂದಕ್ಕೂ ಒಂದು ಒಟಿಪಿ ಬರುತ್ತದೆ. ಒಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ತೋಟದಲ್ಲಿರುತ್ತಾರೆ. ಗೋಡೆಯ ಕ್ಯಾಲೆಂಡರಿಗೆ ಪಾಸ್‌ವರ್ಡ್ ಇಲ್ಲ. ಸೆಗಣಿ ಬಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ದಾರದಲ್ಲಿ ಕಟ್ಟಿ ಇಳಿಬಿಟ್ಟ ಪೆನ್ನು ಹಿಡಿದರೆ ಸಾಕು.

ಅವ್ವನ ಕ್ಯಾಲೆಂಡರ್ ನನ್ನ ಸಂಶೋಧನೆಯೊಳಗೆ ಬಂದದ್ದು ಆಕಸ್ಮಿಕ. ನನ್ನ ವಿಷಯ ಹೈನುಗಾರಿಕೆ ನಂಬಿದ ಸಣ್ಣ ಹಿಡುವಳಿಯ ಮನೆಗಳ ಸಾಲ ಮತ್ತು ದುಡಿಮೆ. ಮೊದಲ ವರ್ಷ ಪ್ರಶ್ನಾವಳಿ ಹಿಡಿದು ಮನೆ ಮನೆ ತಿರುಗಿದೆ. ‘ಹೋದ ವರ್ಷ ಎಷ್ಟು ದಿನ ಕೂಲಿಗೆ ಹೋಗಿದ್ರಿ?’ ಎಂದರೆ ಹೆಂಗಸರು ಗೋಡೆ ನೋಡುತ್ತಿದ್ದರು. ನಾನು ಅದನ್ನು ಸಂಕೋಚ ಎಂದುಕೊಂಡು ಹಾಳೆಯಲ್ಲಿ ‘ಅಂದಾಜು’ ಎಂದು ಬರೆದುಕೊಳ್ಳುತ್ತಿದ್ದೆ. ಅವರು ಸಂಕೋಚಪಡುತ್ತಿರಲಿಲ್ಲ, ಓದುತ್ತಿದ್ದರು. ಇದು ನನಗೆ ಹೊಳೆಯಲು ಏಳೆಂಟು ತಿಂಗಳು ಬೇಕಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಮೇಲೆ ಹಳೆಯ ಕ್ಯಾಲೆಂಡರ್ ಇದ್ದರೆ ಕೊಡಿ ಎಂದು ಕೇಳತೊಡಗಿದೆ. ಅಟ್ಟದಿಂದ, ಟ್ರಂಕಿನ ತಳದಿಂದ, ಹಾಸಿಗೆಯ ಅಡಿಯಿಂದ ಬಂದವು. ಬಹಳಷ್ಟು ಬರಲಿಲ್ಲ, ಏಕೆಂದರೆ ಮಕ್ಕಳ ಪಠ್ಯಪುಸ್ತಕಗಳಿಗೆ ರಟ್ಟಾಗಿ, ಅಡುಗೆಮನೆಯ ಶೆಲ್ಫಿಗೆ ಹಾಸಾಗಿ ಹೋಗಿದ್ದವು. ಸಿಕ್ಕಷ್ಟನ್ನು ಫೋಟೊ ತೆಗೆದು ವಾಪಸ್ ಕೊಟ್ಟೆ. ಸಮಿತಿಯ ಮುಂದೆ ಅವನ್ನು ಇಟ್ಟಾಗ ಸದಸ್ಯರೊಬ್ಬರು ಕೇಳಿದರು: ‘ಇದು ಆಕರವಾ?’

ಹೌದು ಸರ್, ಇದು ಆಕರ. ರಾಜರಿಗೆ ಶಾಸನಗಳಿದ್ದವು, ಸರ್ಕಾರಕ್ಕೆ ಗೆಜೆಟಿಯರ್ ಇತ್ತು, ಸಾಹುಕಾರನಿಗೆ ಖಾತೆ ಪುಸ್ತಕ ಇತ್ತು. ದಿನಚರಿ ಬರೆಯಲು ಬಿಡುವೂ ಅಭ್ಯಾಸವೂ ಇಲ್ಲದ ಹೆಂಗಸಿಗೆ ಒಂದು ಅಂಗುಲದ ಚೌಕವಿತ್ತು. ದಿನಕ್ಕೊಂದು ಚೌಕ, ವರ್ಷಕ್ಕೆ 365.

ಒಂದು ಉದಾಹರಣೆ ಕೊಡುತ್ತೇನೆ. ನಾನು ಕ್ಷೇತ್ರಕಾರ್ಯ ಮಾಡಿದ ಊರಿನಲ್ಲಿ ಒಬ್ಬಾಕೆ ಕಾಯಿ ಮಂಡಿಗೆ ಕೂಲಿಗೆ ಹೋಗುತ್ತಾರೆ. ಅವರಿಗೆ ಓದು ಬರಹ ಬಾರದು, ಅಂಕಿ ಗೊತ್ತು. ಇಡೀ ದಿನದ ಕೆಲಸಕ್ಕೆ ಒಂದು ಉದ್ದ ಗೆರೆ, ಅರ್ಧ ದಿನಕ್ಕೆ ಗಿಡ್ಡ ಗೆರೆ ಎಳೆಯುತ್ತಾರೆ. ಒಂದು ತಿಂಗಳು ಮಾಲೀಕನ ಪುಸ್ತಕದಲ್ಲಿ 19 ದಿನ ಇತ್ತು, ಇವರ ಕ್ಯಾಲೆಂಡರಿನಲ್ಲಿ 23. ಆಕೆ ಜಗಳಕ್ಕೆ ಹೋಗಲಿಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿ, ಸುತ್ತಿಕೊಂಡು ಮಂಡಿಗೆ ಹೋಗಿ ಮೇಜಿನ ಮೇಲೆ ಹರಡಿದರು. ‘ಇವತ್ತು ನಿಮ್ಮ ಮಗಳ ನಾಮಕರಣ ಅಂತ ಅರ್ಧ ದಿನಕ್ಕೆ ಬಿಟ್ರಿ, ಇವತ್ತು ಲೋಡು ಇತ್ತು ಅಂತ ಕತ್ತಲಾಗೋ ಗಂಟ ಇದ್ವಿ’ ಎಂದು ಒಂದೊಂದೇ ಗೆರೆ ತೋರಿಸಿದರು. ಮಾಲೀಕ ಮೂರು ದಿನದ್ದು ಕೊಟ್ಟ, ಒಂದು ದಿನದ್ದಕ್ಕೆ ಕೊನೆವರೆಗೂ ಒಪ್ಪಲಿಲ್ಲ. ‘ಮೂರಾದ್ರೂ ಬಂತಲ್ಲ ಕಣವ್ವ, ಬರೀದೇ ಇದ್ದಿದ್ರೆ ನಾಕೂ ಹೋಗ್ತಿತ್ತು’ ಅಂದರು ನನಗೆ.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಉದ್ಯೋಗ ಖಾತ್ರಿ ಯೋಜನೆಯಲ್ಲಿ 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು, ಹಾಜರಾತಿಯನ್ನು ಮೊಬೈಲ್ ಆ್ಯಪಿನಲ್ಲೇ ದಾಖಲಿಸಬೇಕು ಎಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಕೂಲಿಗಾರರ ಫೋಟೊ ಅಪ್‌ಲೋಡ್ ಆಗಬೇಕು. ನೆಟ್‌ವರ್ಕ್ ಸಿಗದೆ, ಫೋಟೊ ಏರದೆ, ದುಡಿದ ದಿನವೇ ಲೆಕ್ಕಕ್ಕೆ ಬಾರದೆ ಹೋಗುತ್ತಿದೆ ಎಂದು ದೇಶದ ಹಲವೆಡೆ ಕೂಲಿಗಾರರು ಬೀದಿಗಿಳಿದರು. ಕಳ್ಳ ಹಾಜರಾತಿ ತಡೆಯಬೇಕು ಎಂಬ ಉದ್ದೇಶಕ್ಕೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಆ್ಯಪ್ ‘ನೀನು ಬಂದಿರಲಿಲ್ಲ’ ಎಂದರೆ ಆಕೆ ಯಾವುದನ್ನು ಸುತ್ತಿಕೊಂಡು ಹೋಗಿ ಯಾರ ಮೇಜಿನ ಮೇಲೆ ಹರಡಬೇಕು? ಲೆಕ್ಕ ಒಂದೇ ಕಡೆ ಇದ್ದಾಗ ಅದು ಲೆಕ್ಕವಲ್ಲ, ತೀರ್ಪು. ಎರಡು ಕಡೆ ಇದ್ದಾಗ ಮಾತ್ರ ತಾಳೆ ನೋಡಲು ಸಾಧ್ಯ. ಗೋಡೆಯ ಕ್ಯಾಲೆಂಡರ್ ಕೂಲಿಯವಳ ಕಡೆಯ ಪ್ರತಿ. ಅದನ್ನು ನಾವು ‘ಹಳೇ ಅಭ್ಯಾಸ’ ಎಂದು ಕರೆಯುತ್ತಿದ್ದೇವೆ.

ಎರಡನೆಯ ಮಾತು, ಕಾಲ ಯಾರದು ಎಂಬುದು. ನನ್ನ ಫೋನಿನ ಕ್ಯಾಲೆಂಡರ್ ನನ್ನದು, ಅಪ್ಪನ ಫೋನಿನದು ಅಪ್ಪನದು. ಅಡುಗೆಮನೆಯ ಬಾಗಿಲ ಪಕ್ಕದ್ದು ಮನೆಯದು. ತಮ್ಮನ ಪರೀಕ್ಷೆ, ಅತ್ತೆಮ್ಮನ ಕಣ್ಣಿನ ಆಪರೇಷನ್, ಊರ ಜಾತ್ರೆ, ಕರೆಂಟ್ ಬಿಲ್ಲು ಎಲ್ಲ ಒಂದೇ ಹಾಳೆಯ ಮೇಲೆ, ಎಲ್ಲರ ಕಣ್ಣೆದುರಿಗೆ. ಯಾರೂ ಯಾರಿಗೂ ‘ಇನ್ವೈಟ್’ ಕಳಿಸಬೇಕಿಲ್ಲ. ನೀರು ಕುಡಿಯಲು ಹೋದವನಿಗೆ ತಂಗಿಯ ಫೀಸಿನ ದಿನ ಹತ್ತಿರ ಬಂದಿದೆ ಎಂದು ಕಾಣುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಎಲ್ಲರಿಗೂ ಒಂದೇ ಕಾಲ ಇರುವುದು ಎಷ್ಟು ದೊಡ್ಡದು ಎಂದು ತಿಳಿಯಲು ಅದನ್ನು ಒಡೆದವರ ಕತೆ ನೋಡಬೇಕು.

1929ರಲ್ಲಿ ಸೋವಿಯತ್ ಸರ್ಕಾರ ಏಳು ದಿನಗಳ ವಾರವನ್ನು ತೆಗೆದುಹಾಕಿ ಐದು ದಿನಗಳ ವಾರ ತಂದಿತು. ಕಾರ್ಖಾನೆಯ ಯಂತ್ರಗಳು ಒಂದು ದಿನವೂ ನಿಲ್ಲಬಾರದು ಎಂಬುದು ಉದ್ದೇಶ. ಕೆಲಸಗಾರರನ್ನು ಐದು ಗುಂಪು ಮಾಡಿ, ಗುಂಪಿಗೊಂದು ಬಣ್ಣ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ ಎಂದರು. ಲೆಕ್ಕದಲ್ಲಿ ನೋಡಿದರೆ ಜನರಿಗೆ ಲಾಭವೇ. ಏಳು ದಿನಕ್ಕೊಮ್ಮೆ ಬರುತ್ತಿದ್ದ ರಜೆ ಐದು ದಿನಕ್ಕೇ ಬಂತು. ಆದರೆ ಗಂಡನಿಗೆ ರಜೆಯಿದ್ದ ದಿನ ಹೆಂಡತಿಗೆ ಇರಲಿಲ್ಲ, ಗೆಳೆಯರ ರಜೆಗಳು ಒಂದಕ್ಕೊಂದು ಕೂಡಲಿಲ್ಲ. ಮನೆ ಖಾಲಿಯಿರುವಾಗ ಸಿಗುವ ರಜೆ ಯಾರಿಗೆ ಬೇಕು ಎಂದು ಜನ ಗೊಣಗಿದರು. 1931ರ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ರಜೆಯಿರುವ ಆರು ದಿನದ ವಾರಕ್ಕೆ ಬಂದರು, 1940ರಲ್ಲಿ ಏಳು ದಿನಕ್ಕೇ ಮರಳಿದರು. ಸ್ಟಾಲಿನ್ನನ ಸರ್ಕಾರ ಹೇರಿ ಕೊನೆಗೆ ಕೈಬಿಟ್ಟದ್ದನ್ನು ನಾವು ದುಡ್ಡು ಕೊಟ್ಟು ತಂದುಕೊಳ್ಳುತ್ತಿದ್ದೇವೆ. ಒಂದೇ ಸೂರಿನ ಕೆಳಗೆ ನಾಲ್ಕು ಜನ, ನಾಲ್ಕು ಪರದೆ, ನಾಲ್ಕು ಬಣ್ಣ. ‘ನಿಂಗೆ ಹೇಳಿರ್ಲಿಲ್ವಾ?’ ‘ನಂಗ್ಯಾರು ಹೇಳಿದ್ರು?’ ಎಂಬ ಜಗಳ ನಿಮ್ಮ ಮನೆಯಲ್ಲೂ ಇತ್ತೀಚೆಗೆ ಹೆಚ್ಚಾಗಿದ್ದರೆ ಕಾರಣ ಇದೂ ಇರಬಹುದು.

ಮೂರನೆಯದು, ಆ ಕಾಲದೊಳಗೆ ಏನಿರಬೇಕು ಎಂದು ಯಾರು ಹೇಳಬೇಕು ಎಂಬುದು. ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶಕ್ಕೆ ಒಂದು ಪಂಚಾಂಗ ಮಾಡೋಣ ಎಂದು ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನು ಅದು ಪರಿಶೀಲಿಸಿತು. 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಇವತ್ತಿಗೂ ಅದು ಸರ್ಕಾರಿ ಗೆಜೆಟ್ಟಿನ ತಲೆಯ ಮೇಲಿದೆ, ಜನರ ಗೋಡೆಯ ಮೇಲಿಲ್ಲ. ಏಕೆಂದರೆ ನಮ್ಮಲ್ಲಿ ಕಾಲ ಒಂದೇ ಥರ ಇಲ್ಲ. ನಮಗೆ ಅಮಾವಾಸ್ಯೆಗೆ ತಿಂಗಳು ಮುಗಿದರೆ ಉತ್ತರದವರಿಗೆ ಹುಣ್ಣಿಮೆಗೆ ಮುಗಿಯುತ್ತದೆ. ಘಟ್ಟದ ಕೆಳಗಿನ ತುಳುನಾಡಿನಲ್ಲಿ ಸೌರಮಾನ, ಅಲ್ಲಿ ಪಗ್ಗುವಿನಿಂದ ಸುಗ್ಗಿಯವರೆಗೆ ಬೇರೆಯದೇ ತಿಂಗಳುಗಳು. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ನೂರು ವರ್ಷ ದಾಟಿದೆ. ಗದಗಿನ ಶಾಬಾದಿಮಠದ್ದು ಉತ್ತರ ಕರ್ನಾಟಕದ ಮನೆಗಳಲ್ಲಿ ತೂಗುತ್ತದೆ. ಮರಾಠಿಯಲ್ಲಿ 1973ರಲ್ಲಿ ಜಯಂತ ಸಾಲಗಾಂವಕರರು ಶುರು ಮಾಡಿದ ಕಾಲನಿರ್ಣಯ ಕನ್ನಡದಲ್ಲೂ ಬರುತ್ತದೆ. ಮಸೀದಿಯ ಪಕ್ಕದ ಅಂಗಡಿಯಲ್ಲಿ ರಂಜಾನಿನ ಸಹರಿ, ಇಫ್ತಾರಿನ ಹೊತ್ತು ಬರೆದ ಹಾಳೆ ಸಿಗುತ್ತದೆ. ಚರ್ಚಿನ ಕ್ಯಾಲೆಂಡರಿನಲ್ಲಿ ಸಂತರ ಹಬ್ಬಗಳಿರುತ್ತವೆ. ಒಂದೊಂದೂ ಒಂದೊಂದು ಜನಕ್ಕೆ, ಒಂದೊಂದು ಸೀಮೆಗೆ ಹೊಲಿದ ಅಂಗಿ.

ನಮ್ಮಪ್ಪನಿಗೆ ಜೂನ್ ಎಂದರೆ ಮೃಗಶಿರಾ ಮತ್ತು ಆರಿದ್ರಾ. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಪುನರ್ವಸು, ಪುಷ್ಯ ಕೈಕೊಟ್ಟರೆ ನಮ್ಮ ಕಡೆ ರಾಗಿ ಬಿತ್ತನೆ ಹಿಂದಕ್ಕೆ ಬೀಳುತ್ತದೆ. ಮಳೆ ಈಗ ನಕ್ಷತ್ರದ ಮಾತು ಕೇಳುತ್ತಿಲ್ಲ ಎನ್ನುವುದು ನಿಜ. ಅದು ಕೇಳುತ್ತಿಲ್ಲ ಎಂದು ಗೊತ್ತಾಗಬೇಕಾದರೂ ಮಳೆಯ ಹೆಸರು ಗೋಡೆಯ ಮೇಲಿರಬೇಕು, ಅದರ ಪಕ್ಕದಲ್ಲಿ ಅಪ್ಪ ‘ಹದ’ ಅಥವಾ ‘ಇಲ್ಲ’ ಎಂದು ಬರೆದಿರಬೇಕು. ನಮ್ಮ ಮನೆಯ ಹಳೆಯ ಹಾಳೆಗಳಲ್ಲಿ ‘ಇಲ್ಲ’ಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂದು ನೋಡಿದರೆ ಯಾವ ವರ್ಷ ನಾವು ಒಡವೆ ಅಡವಿಟ್ಟೆವು ಎಂದು ಹೇಳಿಬಿಡಬಹುದು.

ಫೋನಿನೊಳಗಿನ ಕ್ಯಾಲೆಂಡರಿಗೂ ಇದೆಲ್ಲ ಸೇರಿಸಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅದರ ಮೂಲ ಹಾಳೆಯನ್ನು ಅಚ್ಚು ಹಾಕುವವರು ಬಹಳ ದೂರದಲ್ಲಿದ್ದಾರೆ. 2024ರ ನಡುವೆ ಗೂಗಲ್ ತನ್ನ ಕ್ಯಾಲೆಂಡರಿನಲ್ಲಿ ತಾನಾಗಿ ಕಾಣುತ್ತಿದ್ದ ಕಪ್ಪು ಜನರ ಇತಿಹಾಸ ಮಾಸ, ಪ್ರೈಡ್ ಮಾಸ ಮುಂತಾದವನ್ನು ತೆಗೆದುಹಾಕಿತು. ಅದು ಸುದ್ದಿಯಾದದ್ದು 2025ರ ಫೆಬ್ರುವರಿಯಲ್ಲಿ. ನೂರಾರು ಆಚರಣೆಗಳನ್ನು ಜಗತ್ತಿನಾದ್ಯಂತ ಕೈಯಿಂದ ಸೇರಿಸುತ್ತಾ ಹೋಗುವುದು ಆಗದ ಮಾತು, ಇನ್ನು ಸಾರ್ವಜನಿಕ ರಜೆ ಮತ್ತು ರಾಷ್ಟ್ರೀಯ ಆಚರಣೆಗಳಷ್ಟೇ ಎಂಬುದು ಕಂಪನಿಯ ವಿವರಣೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಪಕ್ಕಕ್ಕಿರಲಿ. ಗಮನಿಸಬೇಕಾದ್ದು ಇಷ್ಟು: ಒಂದು ಕಡೆ ಗುಂಡಿ ಒತ್ತಿದರು, ಅಸಂಖ್ಯ ಜನರ ತಿಂಗಳುಗಳಿಂದ ಆ ಹೆಸರುಗಳು ಹೋದವು, ಸುದ್ದಿಯಾಗುವವರೆಗೆ ಬಹಳ ಜನರಿಗೆ ತಿಳಿಯಲೂ ಇಲ್ಲ. ಜನವರಿಯಲ್ಲಿ ಗೋಡೆಗೆ ಹಾಕಿದ ಕ್ಯಾಲೆಂಡರಿನಿಂದ ಜುಲೈ ತಿಂಗಳಲ್ಲಿ ಯಾರೂ ಬಂದು ಒಂದು ಹಬ್ಬವನ್ನು ಅಳಿಸಿಕೊಂಡು ಹೋಗಲಾರರು.

ನಾಲ್ಕನೆಯದನ್ನು ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳಬೇಕು. ಅವ್ವನ ಹಳೆಯ ಕ್ಯಾಲೆಂಡರುಗಳಲ್ಲಿ ತಿಂಗಳಿಗೊಮ್ಮೆ ತಾರೀಖಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಇರುತ್ತಿತ್ತು. ನಾನು ಹೈಸ್ಕೂಲಿಗೆ ಹೋದ ಮೇಲೆ ಅದರ ಜೊತೆ ಇನ್ನೊಂದು ಬಣ್ಣದ ಚುಕ್ಕೆಯೂ ಸೇರಿತು. ಮನೆಗೆ ಬಂದವರೆಲ್ಲರ ಕಣ್ಣಿಗೂ ಬೀಳುವ ಜಾಗ, ಆದರೆ ಓದಲು ಗೊತ್ತಿದ್ದವರು ಇಬ್ಬರೇ. ಈಗ ನನ್ನ ವಯಸ್ಸಿನ ಬಹುತೇಕರು ಆ ಚುಕ್ಕೆಯನ್ನು ಆ್ಯಪಿಗೆ ಕೊಟ್ಟಿದ್ದೇವೆ. ಅದಕ್ಕೆ ಪಾಸ್‌ವರ್ಡ್ ಉಂಟು, ಗುಟ್ಟು ಮಾತ್ರ ಇಲ್ಲ. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಗುಟ್ಟಾಗಿಡುವೆವೆಂದು ಹೇಳಿ ಫೇಸ್‌ಬುಕ್, ಗೂಗಲ್ ಮೊದಲಾದವರಿಗೆ ಕೊಟ್ಟ ಆರೋಪದ ಮೇಲೆ ಫ್ಲೋ ಎಂಬ ಜನಪ್ರಿಯ ಮುಟ್ಟಿನ ಆ್ಯಪ್ 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಜೊತೆ ರಾಜಿ ಒಪ್ಪಂದಕ್ಕೆ ಬರಬೇಕಾಯಿತು. ಎಲ್ಲರೆದುರು ತೂಗುತ್ತಿದ್ದ ಕಾಗದ ಕಾಪಾಡಿದ ಮಾನವನ್ನು ಬೀಗ ಹಾಕಿದ ಫೋನು ಕಾಪಾಡಲಿಲ್ಲ.

ಇನ್ನು ಎದುರಿನವರ ಮಾತು. ‘ಮರ ಕಡಿಯಬೇಕಲ್ಲ?’ ಎನ್ನುತ್ತಾರೆ. ಕೇಂದ್ರ ಸರ್ಕಾರವೂ 2020ರ ಸೆಪ್ಟೆಂಬರಿನಲ್ಲಿ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು, ಸರ್ಕಾರಿ ಬ್ಯಾಂಕುಗಳು ಕ್ಯಾಲೆಂಡರ್, ಡೈರಿ ಮುದ್ರಿಸುವಂತಿಲ್ಲ, ಎಲ್ಲವೂ ಡಿಜಿಟಲ್ ಆಗಲಿ ಎಂದು ಸುತ್ತೋಲೆ ಹೊರಡಿಸಿತು. 2021ರ ಜನವರಿಯಲ್ಲಿ ಸರ್ಕಾರದ್ದೇ ಕ್ಯಾಲೆಂಡರ್ ಆ್ಯಪ್ ಬಂತು. ಆಮೇಲೇನಾಯಿತು? 2023ರ ಕ್ಯಾಲೆಂಡರನ್ನು ಅದೇ ಸರ್ಕಾರ ಮತ್ತೆ ಕಾಗದದ ಮೇಲೆ ಮುದ್ರಿಸಿ, ಪ್ರಾದೇಶಿಕ ಭಾಷೆಗಳಲ್ಲಿ ಪಂಚಾಯಿತಿಗಳಿಗೂ ಕಳಿಸುವುದಾಗಿ ಹೇಳಿತು. ಹಳ್ಳಿಯ ಗೋಡೆಗೆ ಆ್ಯಪ್ ತಲುಪುವುದಿಲ್ಲ ಎಂದು ಸರ್ಕಾರಕ್ಕೂ ಅರ್ಥವಾಗಿರಬೇಕು. ಮನೆಗೆ ವರ್ಷಕ್ಕೆ ಆರೋ ಹನ್ನೆರಡೋ ಹಾಳೆ. ಅದು ಮುಗಿದ ಮೇಲೂ ಪುಸ್ತಕಕ್ಕೆ ರಟ್ಟಾಗುತ್ತದೆ, ಒಲೆ ಹಚ್ಚುತ್ತದೆ. ಪರಿಸರದ ಲೆಕ್ಕ ಕೇಳುವವರು ಆನ್‌ಲೈನ್ ಅಂಗಡಿಯಿಂದ ಬರುವ ಒಂದು ರಟ್ಟಿನ ಪೆಟ್ಟಿಗೆಯನ್ನು ತೂಕ ಮಾಡಿ ನೋಡಲಿ.

‘ಕ್ಯಾಲೆಂಡರ್ ಏನು ಸಾಚಾನಾ? ರಾಹುಕಾಲ, ರಾಜಕಾರಣಿಯ ಮುಖ, ಫೈನಾನ್ಸಿನ ಜಾಹೀರಾತು ಎಲ್ಲ ಅದರ ಮೇಲೇ ಇರೋದು’ ಎನ್ನುತ್ತಾರೆ. ಒಪ್ಪುತ್ತೇನೆ. ಸಾಲ ಕೊಟ್ಟವನ ಮುಖವನ್ನೇ ಹನ್ನೆರಡು ತಿಂಗಳು ನೋಡುತ್ತಾ ಕೂರುವುದು ನಮ್ಮ ಬಡವರ ಪಾಡು. ರಾಹುಕಾಲ ನೋಡಿ ಹೆಣ್ಣುಮಕ್ಕಳ ಇಂಟರ್‌ವ್ಯೂ ತಪ್ಪಿಸಿದವರನ್ನೂ ಬಲ್ಲೆ. ಶಿವಕಾಶಿಯಲ್ಲಿ ಆಡಿ ತಿಂಗಳ ಹದಿನೆಂಟಕ್ಕೆ ಹೊಸ ವರ್ಷದ ಕ್ಯಾಲೆಂಡರಿನ ಮಾದರಿಗಳು ಹೊರಬರುವಾಗ ಅದರ ಹಿಂದೆ ದುಡಿದವರ ಕೂಲಿಯ ಬಗ್ಗೆ ನಾವ್ಯಾರೂ ಕೇಳುವುದಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಕಾಗದದ ಮೇಲೆ ಅಚ್ಚಾದದ್ದರ ಮೇಲೆ ನೀವು ಬರೆಯಬಹುದು. ಅವ್ವ ಶಾಸಕರೊಬ್ಬರ ಹಣೆಯ ಮೇಲೆ ಕರೆಂಟ್ ಬಿಲ್ಲಿನ ನಂಬರ್ ಬರೆದಿದ್ದಾಳೆ. ಬೇಡವಾದರೆ ಮುಖವನ್ನು ಕತ್ತರಿಸಿ ತಾರೀಖನ್ನಷ್ಟೇ ಇಟ್ಟುಕೊಳ್ಳಬಹುದು. ಪರದೆಯ ಜಾಹೀರಾತಿನ ಮೇಲೆ ನಂಬರ್ ಬರೆಯುವುದಿರಲಿ, ಅದು ನಮ್ಮನ್ನೇ ಓದುತ್ತಾ ಕೂತಿರುತ್ತದೆ.

‘ಕಾಗದ ನೆನಪಿಸುವುದಿಲ್ಲವಲ್ಲ?’ ಎನ್ನುತ್ತಾರೆ. ಇದು ಸರಿಯಾದ ಮಾತು, ಅದಕ್ಕೇ ನಾನು ಫೋನನ್ನೂ ಬಿಟ್ಟಿಲ್ಲ. ಆದರೆ ನೆನಪಿಸುವುದು ಬೇರೆ, ನೆನಪಿಟ್ಟುಕೊಳ್ಳುವುದು ಬೇರೆ. ಟಿಂಗ್ ಎಂದು ಸದ್ದು ಮಾಡಿ ಮುಗಿದದ್ದನ್ನು ನಾವು ಬೆರಳಲ್ಲಿ ಸರಿಸಿ ಬಿಡುತ್ತೇವೆ. ಕಾಗದ ಸದ್ದಿಲ್ಲದೆ ಇಟ್ಟುಕೊಳ್ಳುತ್ತದೆ. 2021ರ ಮೇ ತಿಂಗಳಿನ ಹಾಳೆಯಲ್ಲಿ ಅವ್ವನ ಹಾಲಿನ ಲೆಕ್ಕ ಹನ್ನೊಂದು ದಿನ ಖಾಲಿಯಿದೆ. ಆಗ ಮನೆಯವರೆಲ್ಲ ಜ್ವರ ಬಂದು ಮಲಗಿದ್ದೆವು. ಪಕ್ಕದ ಮನೆಯವರು ಹಸುಗಳ ಹಾಲು ಕರೆದುಕೊಂಡು, ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದರು. ಹನ್ನೆರಡನೆಯ ದಿನದ ಚೌಕದಲ್ಲಿ ಲೀಟರ್ ಇಲ್ಲ, ಒಂದೇ ಮಾತು: ‘ಅಜ್ಜಿ’. ಅದರ ಮಾರನೆಯ ದಿನದಿಂದ ಮತ್ತೆ ಲೆಕ್ಕ ಶುರು. ಬೆಳಿಗ್ಗೆ ಮೂರೂವರೆ, ಸಂಜೆ ಎರಡು. ಆ ತಿಂಗಳ ಬಗ್ಗೆ ಅವ್ವ ಇವತ್ತಿಗೂ ಮಾತಾಡುವುದಿಲ್ಲ. ಆ ಹಾಳೆಯನ್ನು ಮಾತ್ರ ಯಾವ ಪುಸ್ತಕಕ್ಕೂ ರಟ್ಟು ಹಾಕಲು ಬಿಟ್ಟಿಲ್ಲ.

ನನ್ನ ಆ ತಿಂಗಳು ಎಲ್ಲಿದೆ ಎಂದು ಹುಡುಕಿದೆ. ಫೋನಿನ ಕ್ಯಾಲೆಂಡರಿನಲ್ಲಿ 2021ರ ಮೇ ಎಂದರೆ ಎರಡು ಆನ್‌ಲೈನ್ ಮೀಟಿಂಗು, ಯಾರದೋ ಹುಟ್ಟುಹಬ್ಬ. ಮುಂದಿನ ಐದು ವರ್ಷವೆಲ್ಲ ಇರುವುದು ವಿಶ್ವವಿದ್ಯಾಲಯ ಕೊಟ್ಟ ಈಮೇಲ್ ಖಾತೆಯೊಳಗೆ. ಪದವಿ ಮುಗಿದ ಕೆಲವು ತಿಂಗಳಿಗೆ ಆ ಖಾತೆ ಮುಚ್ಚುತ್ತದೆ. ಹಿಂದಿನ ಬ್ಯಾಚಿನ ಅಕ್ಕ ಒಬ್ಬರು ಅದನ್ನು ಮರೆತು, ತಮ್ಮ ಕ್ಷೇತ್ರಕಾರ್ಯದ ದಿನಾಂಕಗಳನ್ನೆಲ್ಲ ಕಳೆದುಕೊಂಡರು. ಪುಸ್ತಕ ಮಾಡಲು ಕೂತಾಗ ಯಾವ ಊರಿಗೆ ಯಾವಾಗ ಹೋಗಿದ್ದೆ ಎಂದು ಬಸ್ ಟಿಕೆಟ್ಟುಗಳಲ್ಲಿ ಹುಡುಕುತ್ತಿದ್ದರು. ಬೇರೆ ಹೆಂಗಸರ ಕ್ಯಾಲೆಂಡರುಗಳನ್ನು ಆಕರ ಎಂದು ವಾದಿಸುತ್ತಿರುವ ನನ್ನ ಸ್ವಂತ ಐದು ವರ್ಷಕ್ಕೆ ಆಕರವಿಲ್ಲ. ಓದು ಬಾರದ ಆ ಮಂಡಿಯ ಹೆಂಗಸಿನ ಬಳಿ ಅವರ ವರ್ಷ ಇದೆ. ನನ್ನ ವರ್ಷಗಳು ಬಾಡಿಗೆ ಮನೆಯಲ್ಲಿವೆ.

ಹಾಗಾಗಿ ಈ ಜನವರಿಯಲ್ಲಿ ಎರಡು ಕ್ಯಾಲೆಂಡರ್ ಕೊಂಡೆ. ಒಂದನ್ನು ಅವ್ವನಿಗೆ ಬಸ್ಸಿನಲ್ಲಿ ಕಳಿಸಿದೆ. ಇನ್ನೊಂದು ನನಗೆ. ಹಾಸ್ಟೆಲಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ರೂಮಿನವಳು ಮೊದಲ ವಾರ ನಕ್ಕಳು. ಮೂರನೆಯ ವಾರ ತನ್ನ ತಂಗಿಯ ನಿಶ್ಚಿತಾರ್ಥದ ದಿನವನ್ನು ಅದರಲ್ಲಿ ಬರೆದಳು.

ಬ್ಯಾಂಕಿನವರಿಗೆ, ಸೊಸೈಟಿಯವರಿಗೆ ನನ್ನ ಮಾತು ಇಷ್ಟೆ. ನೀವು ಕೊಡುತ್ತಿದ್ದದ್ದು ಉಡುಗೊರೆಯಲ್ಲ, ನಮ್ಮ ಬಡ್ಡಿಯ ದುಡ್ಡಿನಲ್ಲಿ ಅಚ್ಚಾದ ಲೆಕ್ಕದ ಪುಸ್ತಕ. ಮೊಬೈಲ್ ಬೇಕಾದವರಿಗೆ ಮೊಬೈಲ್ ಕೊಡಿ, ಗೋಡೆ ಬೇಕಾದವರಿಗೆ ಗೋಡೆಯದ್ದನ್ನು ಕೊಡಿ, ಬರೆಯಲು ಜಾಗ ಬಿಟ್ಟು ಕೊಡಿ. ನನ್ನ ಓರಗೆಯವರಿಗೆ ಹೇಳುವುದು: ಈ ಸಲ ಊರಿಗೆ ಹೋದಾಗ ಹಳೆಯ ಕ್ಯಾಲೆಂಡರನ್ನು ರದ್ದಿಗೆ ಹಾಕುವ ಮುಂಚೆ ಅಮ್ಮನ ಪಕ್ಕದಲ್ಲಿ ಕೂತು ಒಂದೊಂದೇ ತಿಂಗಳು ಮಗುಚಿಸಿ. ‘ಇದೇನು ಗುರುತು?’ ಎಂದು ಕೇಳಿ. ಒಂದು ಮಧ್ಯಾಹ್ನವಾದರೂ ಹಿಡಿಯುತ್ತದೆ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ‘ನೀ ಕಳ್ಸಿದ್ದು ಬಂತು ಕಣವ್ವ. ಮನೆ ದೊಡ್ಡದಾಗೈತೆ, ಎಲ್ಡೂ ಹೊತ್ತಿನ ಹಾಲು ಬರ್ಕೊಂಡು ಇನ್ನೂ ಜಾಗ ಉಳೀತದೆ’ ಅಂದಳು. ಬ್ಯಾಂಕಿನ ಚೀಟಿ ಏನಾಯಿತು ಎಂದು ಕೇಳಿದೆ. ಅದು ಸ್ವಲ್ಪ ಗಟ್ಟಿ ಕಾಗದವಂತೆ. ಮಡಿಚಿ, ಅಲುಗಾಡುತ್ತಿದ್ದ ಕ್ಯಾಲೆಂಡರಿನ ಮೊಳೆಗೆ ಬೆಣೆ ಮಾಡಿದ್ದಾಳಂತೆ.